ಬರಿಶಾಲಿಗೆ ಹೋದ ಕೌದಿ

ಮೊಬೈಲಿನಲ್ಲಿ ಹಣದ ಖಾತೆ ತೆರೆಯಲು ಹೊರಟ ದಿನ ನೆರೆಮನೆಯ ಮಾಹ್ಮುದಾ ಭಾಬಿ ಈದ್‌ಗೆ ಕೊಂಡಿದ್ದ ಸೀರೆ ಉಟ್ಟಿದ್ದರು. ಜಮಾಲ್‌ಪುರದ ನಮ್ಮ ಓಣಿಯ ತುದಿಯಲ್ಲೇ ಹೆಲಾಲನ ರೀಚಾರ್ಜ್ ಅಂಗಡಿ. ಅಷ್ಟಕ್ಕೆ ಯಾಕೆ ಇಷ್ಟು ಸಿಂಗಾರ ಎಂದು ನಾನು ಕೇಳಿದರೆ, ಫೋಟೋ ತೆಗೆಯುತ್ತಾರಂತಲ್ಲ ಎಂದರು. ಅಂಗಡಿಯಲ್ಲಿ ಗುರುತಿನ ಚೀಟಿಯ ಎರಡೂ ಬದಿಯ ಚಿತ್ರ ಹಿಡಿದಾಯಿತು. ಆಮೇಲೆ ಮುಖ ತೋರಿಸಿ ಕಣ್ಣು ಮಿಟುಕಿಸಬೇಕು ಎಂದು ಫೋನು ಕೇಳಿತು. ಸುತ್ತ ಗಂಡಸರು ನಿಂತಿದ್ದರು. ಭಾಬಿಗೆ ನಗು ತಡೆಯಲಾಗದೆ ಮತ್ತೆ ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು.

"ಭಾಬಿ, ಇದು ಗಂಡಿನ ಕಡೆಯವರಿಗೆ ಕಳಿಸೋ ಫೋಟೋ ಅಲ್ಲ. ಸುಮ್ನೆ ಒಂದ್ಸಲ ಮಿಟುಕ್ಸಿ, ಸಾಕು" ಎಂದ ಹೆಲಾಲ.

ಗುಟ್ಟಿನ ಅಂಕಿಗಳನ್ನು ಮಾತ್ರ ಯಾರಿಗೂ ಹೇಳಬೇಡಿ, ಮನೆಯವರಿಗೂ ಬೇಡ ಎಂದು ಅವನು ಎಚ್ಚರಿಸಿದ. ಭಾಬಿ ಅದನ್ನು ಅಕ್ಷರಶಃ ಪಾಲಿಸಿದರು. ಅವರ ಗಂಡ ಕಮ್ರುಲ್ ಭಾಯಿ ಬ್ಯಾಟರಿ ರಿಕ್ಷಾ ಓಡಿಸುತ್ತಿದ್ದರು. ಮದುವೆಯಾದ ಲಾಗಾಯ್ತು ನನ್ನಿಂದ ಮುಚ್ಚಿಡೋಕೆ ಇವಳ ಹತ್ರ ಏನೂ ಇರ್ಲಿಲ್ಲ, ಈಗ ಒಂದು ಸಿಕ್ತು ನೋಡಿ ಎಂದು ಅವರು ಬಂದವರೆದುರು ಚುಡಾಯಿಸುತ್ತಿದ್ದರು.

ಅಲ್ಲಿಯವರೆಗೆ ಓಣಿಯ ಹೆಂಗಸರೆಲ್ಲ ಕೌದಿ ಹೊಲಿದು ಒಬ್ಬ ವ್ಯಾಪಾರಿಗೆ ಕೊಡುತ್ತಿದ್ದೆವು. ಅವನು ಢಾಕಾದಲ್ಲಿ ಅದನ್ನು ಎಷ್ಟಕ್ಕೆ ಮಾರುತ್ತಿದ್ದನೋ ನಮಗೆ ಗೊತ್ತಿರಲಿಲ್ಲ. ಫೇಸ್‌ಬುಕ್ಕಿನಲ್ಲಿ ಪುಟ ಮಾಡಿ ನಾವೇ ಮಾರೋಣ ಎಂದದ್ದು ಭಾಬಿ. ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದೆ ಎಂಬ ಕಾರಣಕ್ಕೆ ಬರೆಯುವ, ಓದುವ ಕೆಲಸ ನನ್ನ ಪಾಲಿಗೆ ಬಂತು. ಭಾಬಿಯ ಹೊಲಿಗೆ ನೋಡಿದವರು ತಾವಾಗಿಯೇ ಕೇಳಿಕೊಂಡು ಬಂದರು. ಕಮಲ, ಮೀನು, ಬಾಳೆಲೆ, ಪಲ್ಲಕ್ಕಿ, ಯಾವುದನ್ನೂ ಅವರು ಮೊದಲು ಬಟ್ಟೆಯ ಮೇಲೆ ಗೆರೆ ಹಾಕಿಕೊಂಡು ಹೊಲಿದವರಲ್ಲ. ಮೊದಲ ಸಲ ಖಾತೆಗೆ ದುಡ್ಡು ಬಿದ್ದ ಸದ್ದು ಕೇಳಿದಾಗ ಅವರು ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಎದ್ದರು. ಆದರೆ ಅವರು ನೋಡಿದ್ದು ದುಡ್ಡನ್ನಲ್ಲ.

"ಶಿರಿನ್, ದುಡ್ಡು ಕಳ್ಸಿದವರ ಫೋನಲ್ಲಿ ನನ್ನ ಹೆಸರು ಕಾಣುತ್ತಾ? ಪೂರ್ತಿ ಹೆಸರು?"

ಕಾಣುತ್ತದೆ ಎಂದೆ. ಓಣಿಯಲ್ಲಿ ಅವರನ್ನು ಎಲ್ಲರೂ ರಿಕ್ಷಾ ಕಮ್ರುಲನ ಹೆಂಡತಿ ಎಂದೇ ಕರೆಯುತ್ತಿದ್ದರು. ಮಾಹ್ಮುದಾ ಖಾತುನ್ ಎಂದು ತನ್ನ ಹೆಸರನ್ನು ತಾನೇ ಒಮ್ಮೆ ಮೆಲ್ಲಗೆ ಹೇಳಿಕೊಂಡು ಮತ್ತೆ ಹೊಲಿಯಲು ಕುಳಿತರು.

ಕಷ್ಟಗಳು ಆಮೇಲೆ ಒಂದೊಂದಾಗಿ ಬಂದವು. ಕೆಲವರು ಕೌದಿ ಬೇಕೆಂದು ಹೇಳುವರು. ಪಾರ್ಸೆಲ್ ಬಾಗಿಲಿಗೆ ಹೋದಾಗ ಬೇಡ ಎನ್ನುವರು. ಊರೂರು ಸುತ್ತಿ, ಮೂಲೆ ಕಪ್ಪಾಗಿ, ಯಾವುದೋ ಗೋಡೌನಿನ ವಾಸನೆ ಹಿಡಿದು ಕೌದಿ ವಾಪಸು ಬರುತ್ತಿತ್ತು. ತಿಂಗಳುಗಟ್ಟಲೆ ಹೊಲಿದದ್ದನ್ನು ಹಾಗೆ ನೋಡಿದಾಗ ಭಾಬಿ ಊಟ ಬಿಡುತ್ತಿದ್ದರು. ಕೊನೆಗೆ ಅರ್ಧ ದುಡ್ಡು ಮುಂಗಡ ಬಂದರೆ ಮಾತ್ರ ದಾರ ಪೋಣಿಸುವುದು ಎಂದು ನಿಯಮ ಮಾಡಿದರು. ಇಂಥ ಮಾರಾಟಗಾರ್ತಿಯರದೇ ಒಂದು ಗುಂಪು ಫೇಸ್‌ಬುಕ್ಕಿನಲ್ಲಿತ್ತು. ಮೋಸ ಮಾಡಿದವರ ಹೆಸರು, ನಂಬರು ಅಲ್ಲಿ ಹಾಕಿ ಉಳಿದವರನ್ನು ಎಚ್ಚರಿಸುತ್ತಿದ್ದರು. ಭಾಬಿಯೂ ಅದರಲ್ಲಿ ಸೇರಿದರು. ಅಷ್ಟರಲ್ಲಿ ಅವರು ತಾವೇ ಟೈಪ್ ಮಾಡುವುದನ್ನು ಕಲಿತಿದ್ದರು.

ಬರಿಶಾಲಿನ ಇಶ್ರತ್ ನಮಗೆ ಪರಿಚಯವಾದದ್ದು ಆ ಮಳೆಗಾಲದಲ್ಲಿ. ಆಕೆ ಶಾಲೆಯ ಟೀಚರು. ಮೆಸೇಜು ಕಳಿಸದೆ ನೇರವಾಗಿ ಫೋನ್ ಮಾಡಿದರು. ಮೆತ್ತಗಿನ ದನಿ. ಎಷ್ಟೋ ವರ್ಷ ಕಾದ ಮೇಲೆ ಮಗುವಾಗುತ್ತಿದೆ, ಆಶ್ವಿನ ಮಾಸದಲ್ಲಿ ಹೆರಿಗೆ. ತೀರಿಹೋದ ತಾಯಿಯ ಸೀರೆ ಕಳಿಸಿದರೆ ಅದರಲ್ಲೇ ಎಳೆಗೂಸಿನ ಕೌದಿ ಮಾಡಿಕೊಡುತ್ತೀರಾ ಎಂದು ಕೇಳಿದರು. ಬೇರೆಯವರ ಸೀರೆಗೆ ಕತ್ತರಿ ಹಾಕುವುದು ಭಾಬಿಗೆ ಇಷ್ಟವಿರಲಿಲ್ಲ. ಆದರೆ ತಾಯಿಯ ಸೀರೆ ಎಂದ ಮೇಲೆ ಅವರಿಗೆ ಇಲ್ಲವೆನ್ನಲಾಗಲಿಲ್ಲ.

ಸೀರೆ ಬಂತು. ಹಸಿರು ಅಂಚಿನ ಬಿಳಿ ಹತ್ತಿ ಸೀರೆ, ಉಟ್ಟು ಉಟ್ಟು ಹಾಲಿನ ಕೆನೆಯಂತೆ ಮೆತ್ತಗಾಗಿತ್ತು. ಮಡಿಕೆ ಬಿಚ್ಚಿದರೆ ಎಲೆಯಡಿಕೆ, ಜರ್ದಾದ ವಾಸನೆ. ಸೋಪು ಹಾಕಬೇಡಿ ಎಂದು ಇಶ್ರತ್ ಬೇಡಿಕೊಂಡಿದ್ದರಿಂದ ಭಾಬಿ ಬರೀ ಬಿಸಿನೀರಿನಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿದರು. ಅದೇ ದಿನ ಮುಂಗಡದ ಹಣವೂ ಬಂತು. ಹಣ ಕಳಿಸುವಾಗ ಯಾತಕ್ಕೆ ಎಂದು ಬರೆಯಲು ಒಂದು ಸಣ್ಣ ಜಾಗವಿರುತ್ತದಲ್ಲ, ಅಲ್ಲಿ 'ಮೇಘಲಾ' ಎಂದಿತ್ತು. ಕೈತಪ್ಪಿ ಏನೋ ಬಿದ್ದಿರಬೇಕೆಂದು ನಾನು ಫೋನ್ ಮಾಡಿದೆ.

"ಅದು ಹೆಸರು" ಎಂದು ಇಶ್ರತ್ ನಕ್ಕರು. "ಮೂಲೇಲಿ ಸಣ್ಣದಾಗಿ ಹೊಲೀರಿ. ಮನೇಲಿ ಇನ್ನೂ ಯಾರಿಗೂ ಹೇಳಿಲ್ಲ. ಹುಟ್ಟೋಕ್ಮುಂಚೆ ಹೆಸರಿಡ್ಬಾರ್ದು ಅಂತಾರೆ ಅತ್ತೆ."

ಅಲ್ಲಿಂದ ಮುಂದೆ ಇಶ್ರತ್ ನಮಗೆ ಬರೀ ಗಿರಾಕಿಯಾಗಿ ಉಳಿಯಲಿಲ್ಲ. ಭಾಬಿ ದಿನಾ ಮಧ್ಯಾಹ್ನ ಫೋನಿಗೆ ಬಾಯಿ ತಾಗಿಸಿ ಮಾತು ತುಂಬಿ ಕಳಿಸುವರು: ಕಾಲು ಬಾತಿದ್ದರೆ ದಿಂಬಿನ ಮೇಲಿಡಿ, ಶಾಲೆಯಲ್ಲಿ ತುಂಬ ಹೊತ್ತು ನಿಲ್ಲಬೇಡಿ, ಪುಂಟಿ ಮೀನು ತಿನ್ನಿ. ಅತ್ತಿಂದ ನಗು ಬರುತ್ತಿತ್ತು. ಬೇರೆ ಕೆಲಸವನ್ನೆಲ್ಲ ನಮಗೆ ಹಂಚಿ ಆ ಕೌದಿಯನ್ನು ಭಾಬಿ ಒಬ್ಬರೇ ಹೊಲಿದರು. ನಡುವೆ ಕಮಲ, ಸುತ್ತ ಮೋಡದ ಅಲೆಗಳು, ಮೂಲೆಯಲ್ಲಿ ನೀಲಿ ದಾರದಲ್ಲಿ ಹೆಸರು. ಅವರ ಕೈಯಿಂದ ಅದಕ್ಕಿಂತ ಚೆಂದದ್ದು ಬಂದದ್ದನ್ನು ನಾನು ಕಂಡಿಲ್ಲ.

ಆಶ್ವಿನ ಹತ್ತಿರ ಬಂದಾಗ ಪಾರ್ಸೆಲ್ ಕಳಿಸಿದೆವು. ತಲುಪಿತೇ ಎಂದು ಕೇಳಿದರೆ ಉತ್ತರವಿಲ್ಲ. ಫೋನ್ ಎತ್ತಲಿಲ್ಲ. ಹೆರಿಗೆಯಾಗಿರಬೇಕು, ಬಾಣಂತಿಗೆ ಫೋನಿನ ಕಡೆ ಎಲ್ಲಿ ಗಮನ ಎಂದು ಭಾಬಿಯೇ ಸಮಾಧಾನ ಹೇಳಿದರು. ಆಮೇಲೆ ಒಂದು ದಿನ ಕೊರಿಯರಿನವನು ಅದೇ ಪಾರ್ಸೆಲ್ ತಂದು ಹೊಸ್ತಿಲಲ್ಲಿಟ್ಟ. 'ತೆಗೆದುಕೊಳ್ಳಲು ಒಪ್ಪಲಿಲ್ಲ' ಎಂದು ಅದರ ಮೇಲೆ ಮುದ್ರೆ ಬಿದ್ದಿತ್ತು.

ಭಾಬಿ ಅದನ್ನು ಬಿಚ್ಚಲೂ ಇಲ್ಲ. ನಾನು ಸಂಜೆ ಮನೆಗೆ ಹೋದ ಮೇಲೆ ಒಬ್ಬರೇ ಕೂತು ಆ ಗುಂಪಿನಲ್ಲಿ ಬರೆದರು. ಇಶ್ರತ್ ಹೆಸರು, ಊರು, ನಂಬರು ಹಾಕಿ, ಸತ್ತ ತಾಯಿಯ ಕಥೆ ಹೇಳಿ, ಬಸುರಿ ಎಂದು ನಂಬಿಸಿ, ಮನಸ್ಸು ಕರಗಿಸಿ, ಕೊನೆಗೆ ಬಾಗಿಲಿಂದಲೇ ತಿರುಗಿಸಿದ ಹೆಂಗಸು, ಇಂಥವಳನ್ನು ನಂಬಬೇಡಿ ಎಂದಿದ್ದರು. ಬೆಳಿಗ್ಗೆ ನಾನು ನೋಡುವ ಹೊತ್ತಿಗೆ ಕೆಳಗೆ ನೂರಾರು ಜನ ಸೇರಿಬಿಟ್ಟಿದ್ದರು. ಬಸುರಿಯ ವೇಷ ಹಾಕಿ ದುಡ್ಡು ಹೊಡೆಯುವವರು ಎಷ್ಟು ಜನರೋ ಎಂದೊಬ್ಬಳು, ಮಗು ಯಾರದೋ ಏನೋ ಎಂದಿನ್ನೊಬ್ಬಳು. ಅಷ್ಟಾದರೂ ಭಾಬಿಯ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ. ಕೌದಿಯನ್ನು ಕಪಾಟಿನ ಮೇಲಕ್ಕೆ ಎತ್ತಿಟ್ಟಿದ್ದರು.

ಅದರ ಮರುದಿನ ಮಧ್ಯಾಹ್ನ ಫೋನು ಸದ್ದು ಮಾಡಿತು. ಬಾಕಿಯ ಅರ್ಧ ಹಣ, ಜೊತೆಗೆ ಪಾರ್ಸೆಲ್ ಹೋಗಿಬಂದ ಖರ್ಚು, ಎಲ್ಲ ಇಶ್ರತ್ ಖಾತೆಯಿಂದ ಬಂದಿತ್ತು. ಸಣ್ಣ ಜಾಗದಲ್ಲಿ 'ತಪ್ಪಾಯಿತು' ಎಂದಿತ್ತು. ಭಾಬಿ ನನ್ನ ಮುಖ ನೋಡಿದರು. ಅಷ್ಟರಲ್ಲಿ ಕರೆಯೂ ಬಂತು. ನಾನು ಸ್ಪೀಕರು ಒತ್ತಿದೆ.

"ಆಪಾ, ಪಾರ್ಸೆಲ್ ಬಂದಿದ್ದೇ ನಂಗೆ ಗೊತ್ತಿರ್ಲಿಲ್ಲ" ಎಂದರು ಇಶ್ರತ್. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಆಸ್ಪತ್ರೇಲಿದ್ದೆ. ಮಗು ಉಳೀಲಿಲ್ಲ. ಮನೆಯವರು ನಾನು ನೋಡ್ಬಾರ್ದು ಅಂತ ಬಾಗಿಲಿಂದ್ಲೇ ಕಳ್ಸಿದಾರೆ. ನೀವು ಬರ್ದಿದ್ದನ್ನ ನಮ್ಮ ಶಾಲೆ ಹುಡುಗನ ತಾಯಿ ಒಬ್ರು ತಂದು ತೋರ್ಸಿದ್ರು. ನನ್ನ ನಂಬರು ಒಂದು ತೆಗೀತೀರಾ?"

ತೆಗೆಯುತ್ತೇವೆ ಎಂದು ನಾನೇ ಹೇಳಿದೆ. ಬರೆದದ್ದನ್ನು ಅಳಿಸಿ, ಮಾಹ್ಮುದಾ ಖಾತುನ್ ಎಂಬ ಪೂರ್ತಿ ಹೆಸರಿನಲ್ಲೇ, ತಪ್ಪು ನನ್ನದು, ಆಕೆಯದಲ್ಲ ಎಂದು ಭಾಬಿ ಬರೆಸಿದರು. ಅದನ್ನು ಓದಿದವರು ಬೆರಳೆಣಿಕೆಯಷ್ಟು. ಮೊದಲು ಬರೆದದ್ದನ್ನು ಎಷ್ಟೋ ಜನ ಫೋಟೋ ಹಿಡಿದು ಬೇರೆ ಗುಂಪುಗಳಿಗೆ ದಾಟಿಸಿಯಾಗಿತ್ತು. ಭಾಬಿ ಒಂದೊಂದು ಗುಂಪಿಗೂ ಹೋಗಿ ಕೈಮುಗಿದು ಕೇಳಿಕೊಂಡರು. ಕೆಲವರು ತೆಗೆದರು. ಕೆಲವರು, ಅವಳಿಂದ ಎಷ್ಟು ತಗೊಂಡೆ ಎಂದು ಭಾಬಿಯನ್ನೇ ಹಂಗಿಸಿದರು. ಇಶ್ರತ್ ಕಳಿಸಿದ ಹಣವನ್ನು ಹಿಂತಿರುಗಿಸಲು ಹೋದರೆ ಆ ನಂಬರಿನಲ್ಲಿ ಈಗ ಖಾತೆಯೇ ಇಲ್ಲ ಎಂದು ಫೋನು ಹೇಳಿತು. ಕರೆ ಮಾಡಿದರೆ ಚಾಲ್ತಿಯಲ್ಲಿಲ್ಲ. ಕಂಡವರೆಲ್ಲ ಫೋನ್ ಮಾಡಿ ಕಾಡಿದ್ದಕ್ಕೆ ಆಕೆ ನಂಬರನ್ನೇ ಬಿಟ್ಟಿದ್ದರು.

ಹಣ ಬಡವರಿಗೆ ಕೊಟ್ಟುಬಿಡು, ಕೌದಿ ಮಸೀದಿಗೆ ಕೊಡು ಎಂದರು ಕಮ್ರುಲ್ ಭಾಯಿ. ಭಾಬಿ ಕೇಳಲಿಲ್ಲ. ಪಾರ್ಸೆಲಿನ ಮೇಲೆ ವಿಳಾಸವಿತ್ತು. ನನ್ನನ್ನು ಜೊತೆ ಮಾಡಿಕೊಂಡು ರೈಲಿನಲ್ಲಿ ಢಾಕಾಕ್ಕೆ, ಅಲ್ಲಿನ ಸದರ್‌ಘಾಟ್ ದೋಣಿಕಟ್ಟೆಯಿಂದ ಲಾಂಚಿನಲ್ಲಿ ಬರಿಶಾಲಿಗೆ ಹೊರಟರು. ಡೆಕ್ಕಿನಲ್ಲಿ ಚಾದರ ಹಾಸಿ ಕೂತವರು ಕೌದಿಯ ಗಂಟನ್ನು ತೊಡೆಯಿಂದ ಕೆಳಗಿಡಲಿಲ್ಲ. ಬಾಗಿಲು ತೆಗೆಯದಿದ್ದರೆ ಹೊಸ್ತಿಲಲ್ಲಿಟ್ಟು ಬರೋಣ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು.

ಮನೆ ಕಾಲುವೆಯ ಪಕ್ಕದಲ್ಲಿತ್ತು. ಅಂಗಳದಲ್ಲಿ ಅಮಟೆ ಮರ. ಬಾಗಿಲು ತೆಗೆದವರು ಇಶ್ರತ್ ಗಂಡ ತಾರೆಕ್. ಭಾಬಿಯ ಹೆಸರು ಕೇಳಿದ ಕೂಡಲೇ ಅವರ ಮುಖ ಬಿಗಿಯಿತು.

"ವಾಪಸ್ ಕಳ್ಸಿದ್ದು ನಾನು" ಎಂದರು. "ಬಯ್ಯೋದಿದ್ರೆ ನನ್ನ ಬಯ್ಬೇಕಿತ್ತು. ನಂಗೊಂದು ಮಾತು ಕೇಳ್ಬೇಕಿತ್ತು."

ಭಾಬಿ ತಲೆ ತಗ್ಗಿಸಿ ನಿಂತರು. ಒಳಗಿನಿಂದ ಇಶ್ರತ್ ಬಂದು, ದೂರದಿಂದ ಬಂದಿದ್ದಾರೆ, ಕೂರಲಿ ಎಂದರು. ನಾನು ಮನಸ್ಸಿನಲ್ಲಿ ಊಹಿಸಿಕೊಂಡಿದ್ದಕ್ಕಿಂತ ಚಿಕ್ಕವರು. ತಾವೇ ಚಹಾ, ಮಂಡಕ್ಕಿ ತಂದಿಟ್ಟರು. ಭಾಬಿ ಹಣದ ಲಕೋಟೆಯನ್ನು ಮುಂದೆ ಮಾಡಿದರೆ ಆಕೆ ಮುಟ್ಟಲಿಲ್ಲ. ನೀವು ಕೆಲಸ ಮಾಡಿದ್ದೀರಿ, ಅದು ನಿಮ್ಮದೇ ಎಂದರು. ಗಂಟನ್ನು ಮಾತ್ರ ಕೈನೀಡಿ ತೆಗೆದುಕೊಂಡರು.

ಕೌದಿಯನ್ನು ಬಿಚ್ಚಿ ತೊಡೆಯ ಮೇಲೆ ಹರವಿಕೊಂಡರು. ಆಮೇಲೆ ಬಗ್ಗಿ ಅದರಲ್ಲಿ ಮುಖವಿಟ್ಟು ಮೂಸಿದರು. ಬೆನ್ನು ಅಲುಗಿತು. ತಾರೆಕ್ ಎದ್ದು ಅಂಗಳಕ್ಕೆ ಹೋದರು.

"ಬೇಕಾದ್ರೆ ಹೆಸರು ಬಿಚ್ಚಿಕೊಡ್ತೀನಮ್ಮಾ. ಗುರುತೂ ಉಳಿಯಲ್ಲ" ಎಂದರು ಭಾಬಿ. "ಅಲ್ಲಾಹ್ ಕೊಟ್ರೆ ಮುಂದೆ ಇನ್ನೊಂದು ಮಗೂಗೆ..."

"ಬಿಚ್ಬೇಡಿ. ಆಸ್ಪತ್ರೆ ಚೀಟೀಲಿ ಹೆಣ್ಣು ಮಗು ಅಂತಷ್ಟೇ ಬರ್ದಿದಾರೆ. ಅವಳ ಹೆಸರು ಇರೋದು ಇದೊಂದರಲ್ಲೇ."

ಭಾಬಿ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ತಮ್ಮ ತಾಯಿ ಸತ್ತಾಗಲೂ ಅವರು ನನ್ನೆದುರು ಅತ್ತಿರಲಿಲ್ಲ. ಭಾಬಿಯನ್ನು ಇಶ್ರತ್ ಸಮಾಧಾನ ಮಾಡಲಿಲ್ಲ, ಅಳಬೇಡಿ ಎಂದೂ ಹೇಳಲಿಲ್ಲ.

"ನನ್ನ ಮಾಫ್ ಮಾಡೋಕಾಗುತ್ತಾ?" ಎಂದು ಭಾಬಿ ಕೊನೆಗೆ ಕೇಳಿದರು.

ಇಶ್ರತ್ ಯೋಚಿಸಿ ಹೇಳಿದರು: "ಗೊತ್ತಿಲ್ಲ ಆಪಾ. ನೀವು ಅಷ್ಟು ಪ್ರೀತಿ ತೋರ್ಸದೇ ಇದ್ದಿದ್ರೆ ಇಷ್ಟು ನೋವಾಗ್ತಿರ್ಲಿಲ್ವೇನೋ. ಶಾಲೇಲಿ ಈಗ್ಲೂ ನಾನು ಹೋದ್ರೆ ಮಾತು ನಿಲ್ಸ್ತಾರೆ. ಚಹಾ ಆರ್ತಿದೆ, ಕುಡೀರಿ."

ನಾವು ಚಹಾ ಕುಡಿದೆವು. ಹೊರಡುವಾಗ ಆಕೆ ಬಾಗಿಲವರೆಗೆ ಬಂದರು, ಹೊಸ ನಂಬರು ಕೊಡಲಿಲ್ಲ; ನಾವೂ ಕೇಳಲಿಲ್ಲ. ತಾರೆಕ್ ಘಾಟಿನವರೆಗೆ ರಿಕ್ಷಾ ಮಾಡಿಕೊಟ್ಟು ಬಾಡಿಗೆಯನ್ನೂ ತಾವೇ ಕೊಟ್ಟರು. ಆಮೇಲೆ ಅವರಿಂದ ನಮಗೆ ಯಾವ ಸುದ್ದಿಯೂ ಬರಲಿಲ್ಲ.

ಊರಿಗೆ ಬಂದ ಮೇಲೆ ಭಾಬಿ ಬಹಳ ದಿನ ಫೋನು ಮುಟ್ಟಲಿಲ್ಲ. ಗಿರಾಕಿಗಳಿಗೆ ನಾನೇ ಏನೇನೋ ನೆಪ ಹೇಳಿದೆ. ಆದರೆ ಅವರನ್ನು ನಂಬಿ ಓಣಿಯ ಅಷ್ಟೂ ಹೆಂಗಸರು ಹೊಲಿಯುತ್ತಿದ್ದರು. ಪುಟ ಮುಚ್ಚುವ ಹಾಗಿರಲಿಲ್ಲ. ಮತ್ತೆ ಶುರು ಮಾಡಿದರು. ಆ ಗುಂಪನ್ನು ಬಿಟ್ಟರು. ಮುಂಗಡ ಈಗಲೂ ತೆಗೆದುಕೊಳ್ಳುತ್ತಾರೆ. ಪಾರ್ಸೆಲ್ ವಾಪಸು ಬಂದರೆ ಮುಂಗಡವನ್ನು ಅದೇ ದಿನ ಹಿಂದಕ್ಕೆ ಕಳಿಸುತ್ತಾರೆ, ಕಾರಣ ಕೇಳುವುದಿಲ್ಲ. ಇದರಿಂದ ಕೆಲವರು ನಿಜಕ್ಕೂ ಮೋಸ ಮಾಡಿ ನಕ್ಕಿದ್ದಾರೆ. ನೀನು ವ್ಯಾಪಾರ ಮಾಡ್ತಿದ್ದೀಯೋ ದಾನ ಮಾಡ್ತಿದ್ದೀಯೋ ಎಂದು ಕಮ್ರುಲ್ ಭಾಯಿ ರೇಗುತ್ತಾರೆ. ಗಿರಾಕಿಗಳ ಜೊತೆ ಭಾಬಿ ಮೊದಲಿನಂತೆ ಹರಟುವುದೂ ನಿಂತಿದೆ.

ಮೊನ್ನೆ ರಂಗ್‌ಪುರದ ಒಬ್ಬಳು ಹುಡುಗಿ ಫೋನ್ ಮಾಡಿದ್ದಳು. ಚೊಚ್ಚಲ ಬಸಿರು, ಮಾತು ನಿಲ್ಲದಷ್ಟು ಸಂಭ್ರಮ. ಯಾವ ಬಣ್ಣ, ಯಾವ ಹೂವು ಎಂದೆಲ್ಲ ಹೇಳಿ, ಮಗುವಿನ ಹೆಸರನ್ನೂ ಬರೆದುಕೊಳ್ಳಿ ಎಂದಳು. ಭಾಬಿ ಅವಳನ್ನು ಅಲ್ಲಿಗೇ ತಡೆದರು. ಕೌದಿ ಮಾಡಿಡುತ್ತೇವೆ ಮಗಳೇ, ಮೂಲೆ ಖಾಲಿ ಬಿಟ್ಟಿರುತ್ತೇವೆ; ಮಗು ಹುಟ್ಟಿದ ಮೇಲೆ ಹೆಸರು ಹೇಳು ಎಂದರು. ಅವಳಿಗೆ ಬೇಜಾರಾಗಿರಬೇಕು, ಯೋಚಿಸಿ ಹೇಳುತ್ತೇನೆಂದು ಫೋನ್ ಇಟ್ಟಳು. ಮತ್ತೆ ಮಾಡಲಿಲ್ಲ.