ಮೂರನೆಯವಳ ಹೆಬ್ಬೆರಳು

ಗಾಜು ಒರೆಸಿದಷ್ಟೂ ಅವಳ ಮುಖ ಹತ್ತಿರ ಬರುತ್ತದೆ, ಗದ್ದದ ಮೇಲೆ ಹಚ್ಚೆ, ಕಿವಿಯಿಂದ ಇಳಿಬಿದ್ದ ಉದ್ದನೆಯ ಕಲ್ಲು, ಹೆಗಲ ಮೇಲೆ ಗೊಂಡೆಗೊಂಡೆಯ ನಾರಿನ ಹೊದಿಕೆ, ನೂರೈವತ್ತು ವರ್ಷದ ಹಿಂದೆ ನ್ಯೂಜಿಲೆಂಡಿನಲ್ಲಿ ಯಾವನೋ ಬಿಳಿಯ ಫೋಟೋಗ್ರಾಫರನ ಎದುರು ಕೂತ ಅಲ್ಲಿಯ ಮೂಲನಿವಾಸಿ ಮಾವೋರಿ ಹೆಂಗಸು, ಹೆಸರಿಲ್ಲ, ಮೂರು ಪಟದ ಮೂವರಿಗೂ ಹೆಸರಿಲ್ಲ — ಕೆನಡಾದ ಪೋರ್ಟ್ ಕ್ರೆಡಿಟ್‌ನ ಈ ಗ್ಯಾಲರಿಯಲ್ಲಿ ಗಾಜು, ಫ್ರೇಮು, ಮೊಳೆ ಎಲ್ಲ ನನ್ನದೇ ಕಾರುಬಾರು, ಕಿಟಕಿಯಾಚೆ ದೋಣಿಗಳಿಗೆ ಚಳಿಗಾಲದ ಬಿಳಿ ಪ್ಲಾಸ್ಟಿಕ್ ಸುತ್ತಿದ್ದಾರೆ, ಅವಕ್ಕೂ ಹೊದಿಕೆ — ಪಟದ ಕೆಳಗಿನ ಚೀಟಿಗೆ ನೀರಜಾ ಬರೆದಿದ್ದು ತಮ್ಮದೇ ಸಾಂಪ್ರದಾಯಿಕ ಉಡುಪಿನಲ್ಲಿ ಎಂದು, ಪ್ರದರ್ಶನವೆಲ್ಲ ಅವಳ ಉಸ್ತುವಾರಿ, ಆದರೂ ಬೆಳಿಗ್ಗೆ ನಾನು ಬಿಡಲಿಲ್ಲ, ತಮ್ಮದಲ್ಲರೀ ನೀರಜಾ, ಮೂವರ ಮೈಮ್ಯಾಲೂ ಒಂದೇ ಹೊದಿಕಿ, ಅದೇ ಗೊಂಡೆ, ಅದೇ ಅಂಚು, ಇಬ್ಬರದರಾಗ ಹರಿದಲ್ಲಿ ರಫು ಮಾಡಿದ್ದೂ ಕಾಣಸ್ತೈತಿ, ಸ್ಟುಡಿಯೋದಂವ ಗೂಟಕ್ಕ ಹಾಕಿ ಬಂದವರಿಗೆಲ್ಲ ಹೊದಿಸ್ಯಾನ, ಶೂರಾ ನೇತ್ರಾ, ಚೀಟಿ ನಾಲ್ಕಕ್ಕೆ ಪ್ರಿಂಟಿಗೆ ಹೋಗ್ಬೇಕು ಅಂದಳು, ಶೂರ್ ರೀ ಅಂದೆ. ಇಳಕಲ್ಲಿನ ಮಗ್ಗದ ಮನೆಯಲ್ಲಿ ಹುಟ್ಟಿದವಳಿಗೆ ಬಟ್ಟೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು, ಮೈಸೂರಿನ ಓದಿದವಳು ನನ್ನ ಮಾತಿಗೆ ಚೀಟಿ ಬದಲಿಸಿದಳು, ಸ್ಟುಡಿಯೋದ ಹೊದಿಕೆಯಲ್ಲಿ ಎಂದು, ಹೆಮ್ಮೆಯಾಯಿತು, ಯಾಕಾಗಬಾರದು, ಅವ್ವನದೂ ಇದೇ ಕತೆಯಲ್ಲವೇ, ಹುನಗುಂದದ ಸ್ಟುಡಿಯೋದಲ್ಲಿ ಗೂಟಕ್ಕೊಂದು ನೈಲಾನ್ ಸೀರೆ, ವರನ ಕಡೆಯವರಿಗೆ ಕಳಿಸುವ ಫೋಟೋಕ್ಕೆ ಊರ ಹುಡುಗಿಯರೆಲ್ಲ ಅದನ್ನೇ ಸುತ್ತಿಕೊಂಡವರು, ದಿನಾ ಇಳಕಲ್ ಸೀರೆ ನೇಯುವ ನನ್ನವ್ವ ಪಾರ್ವತೆವ್ವ ಪಟದಲ್ಲಿ ಮಾತ್ರ ಹೂಹೂವಿನ ನೈಲಾನಿನಲ್ಲಿ, ಎರಡು ಕೈಯೂ ತೊಡೆಯ ಮೇಲೆ ಸುಮ್ಮನೆ, ಸೀರೆಯನ್ನು ಮುಟ್ಟಿಯೂ ಇಲ್ಲ — ಬ್ರ್ಯಾಂಪ್ಟನ್ನಿನ ನಮ್ಮ ಮನೆಯ ಗೋಡೆಯ ಮೇಲಿದೆ ಅದು, ಅಜ್ಜೀಸ್ ಸ್ಯಾರೀ? ಅಂತ ಮಗಳು ಕೇಳಿದರೆ ಹೌದು ಅಂದುಬಿಡುತ್ತೇನೆ, ನಾಚಿಕೆಗೆಟ್ಟವಳು. ಗಾಜಿನೊಳಗಿನ ಈ ಮೂರನೆಯವಳ ಕೈ ಹಾಗಿಲ್ಲ. ಇವಳ ಕೈ ಎದೆಯ ಹತ್ತಿರ ಅಂಚನ್ನು ಹಿಡಿದಿದೆ, ರಫು ಎಲ್ಲಿ, ಮೊದಲನೆಯವಳಲ್ಲಿ ಎದ್ದು ಕಾಣುತ್ತದೆ, ಎರಡನೆಯವಳಲ್ಲೂ, ಇಲ್ಲಿ ಬೆರಳಿನ ಆಚೀಚೆ ಅದರ ಎರಡು ತುದಿ ಮಾತ್ರ, ನಡುವೆ ಹೆಬ್ಬೆರಳು, ಸರಿಯಾಗಿ ಅಲ್ಲೇ. ಅವ್ವ ಸಾಹುಕಾರನ ಮುಂದೆ ಸೀರೆ ಬಿಡಿಸುವಾಗ ಎಳೆ ತಪ್ಪಿದ ಜಾಗಕ್ಕೆ ಹೀಗೇ ಹೆಬ್ಬೆರಳು ಒತ್ತುತ್ತಿದ್ದಳು, ನೇಯ್ದಾಕಿಗಷ್ಟ ಗೊತ್ತಿರತೈತಿ ನೇತ್ರಾ, ತಪ್ಪು ಎಲ್ಲಿ ಐತಿ ಅಂತ. ಮಂದಿಯ ಬಟ್ಟೆಯ ತೂತು ಯಾರೂ ಮುಚ್ಚುವುದಿಲ್ಲ. ಗಂಟೆ ಮೂರೂ ನಲವತ್ತು, ಬೆಳಿಗ್ಗೆ ನಾನು ತಪ್ಪಿದೆ, ಈಗ ತಪ್ಪಿಲ್ಲ, ಹೊದಿಕೆ ಇವಳದೇ, ಉಳಿದಿಬ್ಬರು ಇವಳದನ್ನು ಹೊದ್ದವರು, ಫೋನು ರಿಂಗಾಗುತ್ತಿದೆ, ನೀರಜಾ, ತಡೀರಿ, ಪ್ರಿಂಟಿಗೆ ಕಳಸಬ್ಯಾಡ್ರಿ, ಸ್ಟುಡಿಯೋದ್ದಲ್ಲ ಅದು, ಮತ್ತೆ ಯಾರದು ಅಂತ ಬರೀಲಿ ನೇತ್ರಾ, ಇವಳದು ಅನ್ನುತ್ತೇನೆ, ಇವಳು ಅಂದ್ರೆ ಯಾರು, ಹೆಸರು ಪಟದಲ್ಲೂ ಇಲ್ಲ, ಕಣ್ಣ ಮುಂದೆ ಅದೊಂದೇ, ರಫಿನ ಮೇಲೆ ಒತ್ತಿ ಹಿಡಿದ ಹೆಬ್ಬೆರಳು, ಇವಳ ಹೆಬ್ಬೆರಳು