ಲೋಲಕದ ಹಿಂದಿನ ತಾರೀಕು

ಮಾವ ಫ್ರೆಂಚ್ ಗಡಿಯಾರದ ಲೋಲಕವನ್ನು ಮೇಜಿನ ಮೇಲೆ ಕವುಚಿ ಹಾಕಿದರು. ಮುಂದೆ ಹೂಗೊಂಚಲು, ಎರಡು ಹಕ್ಕಿ, ತೆಳು ಹಿತ್ತಾಳೆಯ ಉಬ್ಬುಕೆಲಸ. ಹಿಂದೆ ಬರೀ ಗುಳಿಗಳು. ಗುಳಿಗಳ ನಡುವೆ, ಅದನ್ನು ರಿಪೇರಿ ಮಾಡಿದವರೆಲ್ಲ ಸೂಜಿಯಲ್ಲಿ ಗೀಚಿದ ಹೆಸರು, ತಾರೀಕು. ಕೊನೆಯ ಹೆಸರು ನನ್ನ ಗಂಡನದು. ತಾರೀಕು ಬರುವ ಶುಕ್ರವಾರದ್ದು.

ಅವರು ತೀರಿಕೊಂಡು ಮೂರು ವಾರವಾಗಿತ್ತು.

"ಮುಗಿಸೋ ಮುಂಚೆನೇ ಗೀಚಿದಾನೆ. ಎಷ್ಟು ಸಲ ಬೈದಿದ್ದೆ."

"ಕೊಡೋ ದಿನ ಮೊದಲೇ ಬರೆದಿಟ್ರೆ ಕೈ ಚುರುಕಾಗುತ್ತೆ ಅಂತಿದ್ರು."

"ಚುರುಕಾಯ್ತು."

ಮಾವ ಲೋಹ ಉಜ್ಜುವ ಅರ ಎತ್ತಿಕೊಂಡರು. "ಗಡಿಯಾರ ನಡೆಸಿದವನ ಹೆಸರು, ಅದು ನಡೆದ ದಿನ, ಅಷ್ಟೇ ಗೀಚಬೇಕು. ಹಿತ್ತಾಳೆ ಮೇಲೆ ಸುಳ್ಳು ಇರಬಾರದು. ಉಜ್ಜಿಬಿಡ್ತೀನಿ."

"ಶುಕ್ರವಾರಕ್ಕೆ ನಡೆಸೋಣ ಮಾವ. ಅರ್ಧ ಸುಳ್ಳಾದ್ರೂ ತಪ್ಪುತ್ತೆ."

ಅವರು ನಡುಗುವ ಕೈ ಮುಂದೆ ಚಾಚಿ ತೋರಿಸಿದರು. ಅದಕ್ಕೇ ಅವರು ಕೆಲಸ ಬಿಟ್ಟದ್ದು.

"ನೀವು ಹೇಳಿ, ನಾನು ಮಾಡ್ತೀನಿ."

"ಎಂ.ಎ. ಓದಿದವಳು ಸ್ಕ್ರೂಡ್ರೈವರ್ ಹಿಡೀತೀಯಾ?"

"ತಲೆಕೆಳಗೆ ಹಿಡಿದ್ರೆ ಹೇಳಿ."

ಚಕ್ರಗಳನ್ನೆಲ್ಲ ನನ್ನ ಗಂಡ ಮೊದಲೇ ತೊಳೆದು, ಚೀಟಿ ಬರೆದು, ಬಟ್ಟಲುಗಳಲ್ಲಿ ಇಟ್ಟಿದ್ದರು. ಜೋಡಿಸುವುದಷ್ಟೇ ಉಳಿದಿತ್ತು. ಮೂರು ದಿನ ಹಿಡಿಯಿತು. ಎರಡು ಸಲ ಪೂರ್ತಿ ಬಿಚ್ಚಿದೆ. ಮಾವ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಮಧ್ಯಾಹ್ನ ಲೋಲಕ ತೂಗುಹಾಕಿದಾಗ ಗಡಿಯಾರ ಕುಂಟುತ್ತಿತ್ತು. ಟಿಕ್ ಉದ್ದ, ಟಕ್ ಗಿಡ್ಡ. ಮಾವ ಕಣ್ಣು ಮುಚ್ಚಿ ಕೇಳಿದರು.

"ಲೋಲಕ ತಳ್ಳುವ ಕಂಬಿ ಎಡಕ್ಕೆ ಬಗ್ಗಿಸು. ಕೂದಲೆಳೆಯಷ್ಟು. ಅಷ್ಟೊಂದಲ್ಲಮ್ಮ... ಹಾಂ, ಬಿಡು."

ಟಿಕ್, ಟಕ್ ಸಮವಾದವು. ನನಗೆ ಏನೂ ಅನಿಸಲಿಲ್ಲ. ಹಸಿವಾಗಿದೆ ಎಂದಷ್ಟೇ ಗೊತ್ತಾಯಿತು.

ನಾಲ್ಕಕ್ಕೆ ಗಡಿಯಾರದ ಒಡತಿ, ನಿವೃತ್ತ ನರ್ಸ್, ಬಂದರು. ಅದು ನಾಲ್ಕು ಹೊಡೆಯಿತು.

"ಪರವಾಗಿಲ್ವೆ, ನಡೀತಿದೆ. ಯಾರು ಮಾಡಿದ್ದು?"

ಮಾವ ನನ್ನನ್ನು ನೋಡಿದರು. ಅರ ಇನ್ನೂ ಮೇಜಿನ ಮೇಲಿತ್ತು. ಅದನ್ನು ಡ್ರಾಯರಿಗೆ ಹಾಕಿ ಮುಚ್ಚಿದರು.

"ನನ್ನ ಮಗ," ಎಂದರು.

ಒಡತಿ ತಲೆ ತಗ್ಗಿಸಿದರು. ಎರಡು ನಿಮಿಷವಾಗಿರಬೇಕು, ಗಡಿಯಾರ ಮತ್ತೆ ನಾಲ್ಕು ಹೊಡೆಯಿತು. ಆ ಜಾತಿಯ ಗಡಿಯಾರಗಳು ಗಂಟೆಯನ್ನು ಎರಡು ಸಲ ಹೇಳುತ್ತವೆ. ಇಂಥ ಗಡಿಯಾರ ಮೊದಲು ಮಾಡಿದವನಿಗೆ ನಿನ್ನಂಥ ಹೆಂಡತಿ ಇದ್ದಿರಬೇಕು, ಒಂದು ಸಲ ಹೇಳಿದರೆ ಕೇಳದವಳು, ಎನ್ನುತ್ತಿದ್ದರು ನನ್ನ ಗಂಡ.

ಕೇಳಿಸಿಕೊಂಡೆ. ಆಮೇಲೆ ಸಾಗಿಸಲೆಂದು ಲೋಲಕ ಇಳಿಸಿ, ಬಟ್ಟೆ ಸುತ್ತಿ, ಒಡತಿಯ ಕೈಗೆ ಕೊಟ್ಟೆ.