ಅಂಗಿ ತಾಗಿದರೆ ಉರಿ

ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ನಾನು ಕೂರತೊಡಗಿ ಇಪ್ಪತ್ತಾರು ವರ್ಷವಾಯಿತು. ಕಿಟಕಿಯಾಚೆ ನಿಂತವರು, "ಮೊನ್ನೆ ಮಗಳ ಮನೆಯಿಂದ ಬರುವಾಗ ಬಸ್ಸಲ್ಲಿ..." ಎಂದು ಶುರುಮಾಡುತ್ತಾರೆ. ನಾನು ಕೈ ಎತ್ತುತ್ತೇನೆ. "ಒಂದೇ ಮಾತಲ್ಲಿ ಹೇಳಿ. ಎಲ್ಲಿ ನೋವು?" ತೊಂದರೆ ಬರೆಯಲು ಚೀಟಿಯಲ್ಲಿರುವುದು ಬೆರಳಗಲದ ಜಾಗ. 'ಹೊಟ್ಟೆ ನೋವು' ಎಂದು ಗೀಚಿ ಮುಂದಿನವರನ್ನು ಕರೆಯುತ್ತೇನೆ. ಸಾಲು ಬಾಗಿಲು ದಾಟಿ ಹೋಗಿರುತ್ತದೆ, ಪುರಾಣ ಕೇಳುತ್ತ ಕೂರಲಾದೀತೆ?

ನನ್ನ ಯಜಮಾನರು ದರ್ಜಿ, ಮಾತಿನ ಮಲ್ಲ. ಗುಂಡಿ ಹಾಕಿಸಲು ಬಂದವರಿಗೆ ಅರ್ಧ ಗಂಟೆ ಹರಟೆ ಬಿಟ್ಟಿ. ಉಪ್ಪು ಬೇಕೆಂದು ಕೇಳಲು ಸಮುದ್ರದಿಂದ ಶುರುಮಾಡುವ ಆಸಾಮಿ. "ರೀ, ಒಂದೇ ಮಾತಲ್ಲಿ ಹೇಳ್ರೀ" ಎಂದು ಮನೆಯಲ್ಲೂ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ.

ಅಂಥವರು ಮೂರು ತಿಂಗಳ ಹಿಂದೆ ಮಾತು ಕಡಿಮೆ ಮಾಡಿದರು. ಮನೆಗೆ ಬಂದ ಕೂಡಲೇ ಅಂಗಿ ಕಳಚುವುದು, ಹಜಾರದಲ್ಲಿ ಒಬ್ಬರೇ ಮಲಗುವುದು. ಒಂದು ಬೆಳಿಗ್ಗೆ ಕಾಫಿ ಕೊಟ್ಟು ಎದೆಯ ಮೇಲೆ ಕೈಯಿಟ್ಟೆ ನೋಡಿ, "ಮುಟ್ಟಬೇಡ!" ಎಂದು ತಳ್ಳಿಬಿಟ್ಟರು. "ಇಷ್ಟು ವರ್ಷದ ಮೇಲೆ ನನ್ನ ಕೈ ಭಾರ ಆಯ್ತಾ?" ಅಂದೆ. ಅವರು ಅಂಗಡಿಗೆ ಹೊರಟೇಬಿಟ್ಟರು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನನ್ನ ಮೇಲಿನ ಪ್ರೀತಿ ತೀರಿತು ಎಂದೇ ನಂಬಿದ್ದೆ.

ಮರುದಿನ ಅವರೇ ಬಂದು, "ಎದೆ ಹತ್ರ ಏನೋ ಆಗ್ತಿದೆ ಕಣೇ, ಅದು ಹೇಗೆ ಅಂದ್ರೆ..." ಎಂದರು. ಎದೆ ಎಂದದ್ದೇ ತಡ, ನನ್ನ ಜೀವ ಬಾಯಿಗೆ ಬಂತು. ಮುಂದಿನದು ಕೇಳಿದರೆ ತಾನೆ? ನಾನೇ ಚೀಟಿ ಬರೆದೆ: ಎದೆ ನೋವು. ಚೀಟಿ ಹೃದಯದ ವಿಭಾಗಕ್ಕೆ ಹೋಯಿತು. ಮೂರು ಸಲ ಪರೀಕ್ಷೆಯಾಯಿತು, ಮೂರು ಸಲವೂ ಹೃದಯ ಗಟ್ಟಿ. ನೋವಿನ ಮಾತ್ರೆಗೆ ನೋವು ಬಗ್ಗಲಿಲ್ಲ. ಬಾಯಿಗೆ ಬೀಗವಿಲ್ಲದ ನಾನು, "ಏನೂ ಇಲ್ವಂತೆ, ಎಲ್ಲ ನಾಟಕ" ಎಂದೂ ಅಂದುಬಿಟ್ಟೆ. ಅವರು ಅಂಗಡಿ ಮುಚ್ಚುವ ಮಾತಾಡತೊಡಗಿದರು.

ನಾಲ್ಕನೇ ಸಲ ಹೋದಾಗ ಹೃದಯದ ಡಾಕ್ಟರು ರಜೆ. ಬದಲಿಗೆ ಬಂದಿದ್ದ ಡಾಕ್ಟರಮ್ಮ, ನನ್ನ ಮಗಳ ವಯಸ್ಸಿನವರು, ಚೀಟಿ ನೋಡಿ ಪಕ್ಕಕ್ಕಿಟ್ಟರು. "ಹೇಗೆ ನೋವು?"

"ಎದೆ ನೋವು ಡಾಕ್ಟ್ರೇ, ಮೂರು ತಿಂಗಳಿಂದ" ಅಂದೆ.

"ಅಮ್ಮಾ, ನೋವು ನಿಮಗಾ, ಅವರಿಗಾ?"

ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡೆ. ಯಜಮಾನರು ನನ್ನತ್ತ ಅಳುಕಿನಿಂದ ನೋಡಿ, "ಸ್ವಲ್ಪ ಉದ್ದ ಆಗತ್ತೆ" ಅಂದರು.

"ಆಗ್ಲಿ, ಹೇಳಿ."

"ನೋವು ಅನ್ನೋಕಾಗಲ್ಲ, ಉರಿ. ಎಡಗಡೆ ಮಾತ್ರ. ಬೆನ್ನಿಂದ ಎದೆವರೆಗೆ ಟೇಪು ಹಿಡಿದು ಗುರುತು ಹಾಕಿದ ಹಾಗೆ, ನಾಲ್ಕು ಬೆರಳಗಲ ಒಂದು ಪಟ್ಟಿ. ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗೆ ಉರಿಯತ್ತೆ. ನಡುನಡುವೆ ಕರೆಂಟ್ ಹೊಡೆದ ಹಾಗೆ ಚಳಕ್ ಅನ್ನತ್ತೆ. ಗಟ್ಟಿಯಾಗಿ ಒತ್ತಿ ಹಿಡಿದ್ರೆ ಪರವಾಗಿಲ್ಲ, ಬಟ್ಟೆ ಹಾಗೇ ಸವರಿದ್ರೆ ಸಾಕು, ಜೀವ ಹೋಗತ್ತೆ. ಅಂಗಡಿನೇ ಮುಚ್ಚಿಬಿಡೋಣ ಅನ್ಸತ್ತೆ. ಊರಿಗೆಲ್ಲ ಅಂಗಿ ಹೊಲಿಯೋನು ಡಾಕ್ಟ್ರೇ ನಾನು, ಅಂಗಿ ಹಾಕ್ಕೊಳ್ಳೋಕೆ ಹೆದರ್ತೀನಿ."

ಡಾಕ್ಟರಮ್ಮ ಹತ್ತಿಯ ಎಳೆಯೊಂದರಿಂದ ಸವರಿದರು. ಯಜಮಾನರು ಕುರ್ಚಿಯಿಂದ ಎಗರಿದರು.

"ಮೊದಲು ಅಲ್ಲಿ ಗುಳ್ಳೆ ಎದ್ದಿದ್ವಾ?"

ಎದ್ದಿದ್ದವು. ಸೆಖೆಗೆ ಎದ್ದ ಬೆವರುಸಾಲೆ ಎಂದು ನಾನೇ ಪೌಡರ್ ಹಾಕಿದ್ದೆ.

"ಅದು ಸರ್ಪಸುತ್ತು. ಗುಳ್ಳೆ ಒಣಗಿದ್ರೂ ಒಳಗಿನ ನರಕ್ಕೆ ಪೆಟ್ಟಾಗಿದೆ. ಉರಿ, ಕರೆಂಟು, ಬಟ್ಟೆ ತಾಗಿದ್ರೆ ತಡೆಯೋಕಾಗಲ್ಲ ಅನ್ನೋದು, ನರದ ನೋವಿರೋರೇ ಹೀಗೆ ಹೇಳೋದು. ಇದಕ್ಕೆ ಬೇರೆ ಮಾತ್ರೆ ಇದೆ. ನಿಧಾನಕ್ಕೆ ಕಮ್ಮಿ ಆಗತ್ತೆ, ಅಂಗಡಿ ಮುಚ್ಚಬೇಡಿ."

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. "ನಂಗ್ಯಾಕ್ರೀ ಇದನ್ನೆಲ್ಲ ಹೇಳ್ಲಿಲ್ಲ?"

"ಹೇಳೋಕೆ ಬಂದೆ. ನಿಂಗೆ ಒಂದೇ ಮಾತಲ್ಲಿ ಬೇಕಿತ್ತು. ಆ ಒಂದು ಮಾತು ನಂಗೆ ಸಿಗಲಿಲ್ಲ ಕಣೇ."

ನನಗೆ ಭೂಮಿ ಬಾಯ್ಬಿಡಬಾರದೆ ಅನ್ನಿಸಿತು. ಅಳು ಒತ್ತರಿಸಿ ಬಂತು. "ಅವತ್ತು ನನ್ನ ಕೈ ತಳ್ಳಿದ್ದು..."

"ಅಯ್ಯೋ ಹುಚ್ಚಿ! ದೇವರೇ ಬಂದು ಮುಟ್ಟಿದ್ರೂ ಅವತ್ತು ತಳ್ತಿದ್ದೆ." ನನ್ನ ಸೆರಗಿನಿಂದಲೇ ನನ್ನ ಕಣ್ಣೊರೆಸಿದರು. "ಹೋಗಿ ಹೋಗಿ ಎಡಗಡೆನೇ ಕೂತಿದೀಯಲ್ಲೇ. ಎದ್ದು ಈ ಕಡೆ ಬಾ. ಬಲಗಡೆಗೆ ಏನೂ ಆಗಿಲ್ಲ."

ಎದ್ದು ಹೋಗಿ ಬಲಗಡೆ ಕೂತೆ. ಕೌಂಟರಿನ ಕಿಟಕಿಯಿಂದ ನನ್ನ ಜೊತೆಯವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ನೋಡಿದರೆ ನೋಡಲಿ ಎಂದು ಯಜಮಾನರ ಭುಜಕ್ಕೆ ತಲೆಯಿಟ್ಟೆ.